ಕಪ್ಪೆಯ ಬಾಯಲ್ಲಿ ತಮ್ಮನ ಹಲ್ಲು

ಜೂನ್ 4, ಬುಧವಾರ

ತಮ್ಮ ಮನೆ ಬಿಟ್ಟು ಹೋಗಿ ವಾರದ ಮೇಲಾಯಿತು. ಬಟ್ಟೆ, ಬಾಚಣಿಗೆ, ಚಾರ್ಜರು ಎಲ್ಲವನ್ನೂ ನೆನಪಿನಿಂದ ಚೀಲಕ್ಕೆ ತುಂಬಿಕೊಂಡವನು ಮಾತ್ರೆಗಳನ್ನು ಮಾತ್ರ ಕನ್ನಡಿಯ ಮುಂದೆ, ನನ್ನ ಕಣ್ಣಿಗೆ ಬೀಳುವ ಹಾಗೆಯೇ ಇಟ್ಟು ಹೋಗಿದ್ದಾನೆ. ಅದು ಮರೆತದ್ದಲ್ಲ. ನನ್ನ ಮುಖಕ್ಕೆ ಎಸೆದದ್ದು.

ಅವನ ಫೋನು ಸ್ವಿಚ್ ಆಫ್ ಆಗಿದೆ. ಪೊಲೀಸರು ಮೂವತ್ತು ದಾಟಿದ ಗಂಡಸು ಸ್ವಂತ ಬುದ್ಧಿಯಿಂದ ಹೋಗಿದ್ದಾನೆ, ನಾವೇನು ಕೈಹಿಡಿದು ಎಳೆದು ತರೋಕಾಗುತ್ತಾ ಎಂದು ನನ್ನನ್ನೇ ಕೇಳಿದರು.

ಫಿಟ್ಸ್ ಮೊದಲ ಸಲ ಬಂದಾಗ ಅವನು ಬಚ್ಚಲಲ್ಲಿ ಮುಖ ಅಡಿಯಾಗಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡ. ಎರಡನೆಯ ಸಲ ಬಂದಾಗ ವ್ಯಾನು ಓಡಿಸುತ್ತಿದ್ದ. ಪುಣ್ಯಕ್ಕೆ ಅದು ಗೋಡೆಗೆ ಗುದ್ದಿತು, ಮನುಷ್ಯರಿಗಲ್ಲ. ಇನ್ನು ಗಾಡಿ ಮುಟ್ಟಬೇಡ ಎಂದರು ಡಾಕ್ಟರು. ಅಂಗಡಿಗಳಿಗೆ ಸಾಮಾನು ತಲುಪಿಸುವುದು ಬಿಟ್ಟು ಬೇರೆ ಕೆಲಸ ಅರಿಯದವನು ಮನೆಯಲ್ಲಿ ಕೂತ. ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆ. ಬೆಳಿಗ್ಗೆ ಸಂಜೆ ನನ್ನ ಕೈಯಿಂದಲೇ ಮಾತ್ರೆ. ಸ್ನಾನಕ್ಕೆ ಹೋದರೆ ಚಿಲಕ ಹಾಕಕೂಡದು. ಹೊರಗೆ ಹೋದರೆ ಗಂಟೆಗೊಂದು ಫೋನು. ಇಷ್ಟೆಲ್ಲ ಮಾಡಿದವಳಿಗೆ ಅವನು ಹೋಗುವ ಹಿಂದಿನ ದಿನ ಹೇಳಿದ್ದು ಇದು: "ಅಕ್ಕ, ನಂಗೆ ಕಾಯಿಲೆ ಇರೋದು ಯಾವಾಗಲೋ ಒಂದೆರಡು ನಿಮಿಷ. ಉಳಿದಿದ್ದೆಲ್ಲ ನೀನೇ."

ಅಮ್ಮ ಗೇಟಿನ ಸದ್ದಾದರೆ ಸಾಕು, ಒಲೆ ಮೇಲಿಟ್ಟದ್ದನ್ನು ಬಿಟ್ಟು ಹೊರಗೆ ಬರುತ್ತಾಳೆ.

ಜೂನ್ 7, ಶನಿವಾರ

ಬದುಕಿದ್ದಾನೆ. ಊರಲ್ಲೇ ಇದ್ದಾನೆ.

ಗೊತ್ತಾದದ್ದು ಅವನ ಆ ಹುಚ್ಚಾಟದಿಂದ. ಜಿಯೋಕ್ಯಾಶ್ ಎಂದು ಅದಕ್ಕೆ ಹೆಸರು. ಯಾರೋ ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು ಆ ಜಾಗದ ಗುರುತನ್ನು ಫೋನಿನ ಆ್ಯಪ್‌ಗೆ ಹಾಕುತ್ತಾರೆ. ಉಳಿದವರು ನಕ್ಷೆ ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ತಮ್ಮ ಅಡ್ಡಹೆಸರು ಗೀಚಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಒಳಗಿದ್ದ ಚಿಕ್ಕಪುಟ್ಟ ವಸ್ತು ಏನಾದರೂ ತೆಗೆದುಕೊಂಡರೆ ಬದಲಿಗೆ ತಮ್ಮದೊಂದು ಇಡಬೇಕು. ಬಹುಮಾನ ಏನೂ ಇಲ್ಲ. ಕತ್ತೆಯಂತೆ ಬೆಳೆದವರ ಕಣ್ಣಾಮುಚ್ಚಾಲೆ.

ಅಲ್ಲಿ ಅವನ ಹೆಸರು ಗೂಬೆಮರಿ. ಚಿಕ್ಕಂದಿನಲ್ಲಿ ಅಮ್ಮ ಬೈಯುತ್ತಿದ್ದ ಹೆಸರನ್ನೇ ಇಟ್ಟುಕೊಂಡಿದ್ದಾನೆ. ನಿನ್ನೆ ಗೂಬೆಮರಿ ರೈಲ್ವೆ ಮೇಲ್ಸೇತುವೆಯ ಕೆಳಗಿನ ಒಂದು ಡಬ್ಬಿ ಹುಡುಕಿದ್ದಾನೆ. "ಸಿಕ್ಕಿತು" ಎಂದು ಬರೆದಿದ್ದಾನೆ. ಅಷ್ಟೇ. ಅಮ್ಮನಿಗೆ ತೋರಿಸಿದೆ. ಅವಳು ಫೋನಿನ ಗಾಜನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದಳು.

ಆ್ಯಪ್‌ನಲ್ಲೇ ಅವನಿಗೆ ಕಾಗದದುದ್ದ ಬರೆದೆ, ಬೈದೆ, ಬೇಡಿಕೊಂಡೆ. ಉತ್ತರವಿಲ್ಲ.

ಜೂನ್ 11, ಬುಧವಾರ

ಅವನಿಗೆ ಬರಿಯ ಡಬ್ಬಿಗಳೆಂದರೆ ಅಷ್ಟಕ್ಕಷ್ಟೆ. ಸುಳ್ಳು ಪ್ರಾಣಿಗಳೆಂದರೆ ಪ್ರಾಣ. ಕಂಬಕ್ಕೆ ಅಂಟಿಕೊಂಡ ಸುಳ್ಳು ಓತಿಕ್ಯಾತ, ಅದರ ಹೊಟ್ಟೆ ತೆರೆದರೆ ಚೀಟಿ. ಅವನಿಗಾಗಿ ಇಂಥವನ್ನು ನಾನೇ ಮಾಡಿಕೊಟ್ಟಿದ್ದೇನೆ. ಹಲ್ಲಿನ ಲ್ಯಾಬಿನಲ್ಲಿ ಜನರಿಗೆ ಹಲ್ಲಿನ ಸೆಟ್ಟು ಮಾಡುವುದು ನನ್ನ ಕೆಲಸ. ಮೇಣದಲ್ಲಿ ತಿದ್ದುವುದು, ಪ್ಲಾಸ್ಟರಿನಲ್ಲಿ ಅಚ್ಚು ತೆಗೆಯುವುದು, ಒಸಡಿನ ಬಣ್ಣ ಕಲಸುವುದು ಬಂದವಳಿಗೆ ಓತಿಕ್ಯಾತ ಯಾವ ಲೆಕ್ಕ.

ಇಂದು ಊಟದ ಬಿಡುವಿನಲ್ಲಿ ಒಂದು ಓತಿಕ್ಯಾತ ಮುಗಿಸಿದೆ. ಹೊಟ್ಟೆಯೊಳಗೆ ಒಂದು ವಾರದ ಮಾತ್ರೆ. ಬಸ್ ಡಿಪೋ ಹಿಂದಿನ ಬೇಲಿಗೆ ಅಂಟಿಸಿ ಬಂದೆ. ಹೊಸ ಪ್ರಾಣಿ ಬಂದಿದೆ ಎಂದರೆ ಮೊದಲು ಹುಡುಕುವವನು ತಾನೇ ಆಗಬೇಕೆಂದು ಅವನು ಎದ್ದುಬಿದ್ದು ಓಡಿ ಬರುತ್ತಾನೆ. ಬರಲೇಬೇಕು.

ಜೂನ್ 13, ಶುಕ್ರವಾರ

ಬಂದವಳು ಸೈಕಲ್ ಅಜ್ಜಿ. ಅದು ಅವಳ ಅಡ್ಡಹೆಸರು. ಈ ಆಟದವರಲ್ಲೆಲ್ಲ ಹಿರಿಯಳು, ಸೈಕಲ್ಲಿನಲ್ಲೇ ಊರು ಸುತ್ತುತ್ತಾಳೆ. ಹೊಟ್ಟೆಯಲ್ಲಿ ಮಾತ್ರೆ ನೋಡಿ ಹೌಹಾರಿ, ಡಬ್ಬಿಗಳಿಗೆ ಒಪ್ಪಿಗೆ ಕೊಡುವ ಮೇಲ್ವಿಚಾರಕನಿಗೆ ತಿಳಿಸಿದ್ದಾಳೆ. ಅವನು ನನ್ನ ಓತಿಕ್ಯಾತವನ್ನು ನಕ್ಷೆಯಿಂದಲೇ ಕಿತ್ತುಹಾಕಿದ. ತಿಂಡಿ, ಚಾಕು, ಔಷಧಿ ಇಡಕೂಡದೆಂಬ ನಿಯಮ ಗೊತ್ತಿಲ್ಲವೇ, ಮಕ್ಕಳು ತೆರೆದು ನುಂಗಿದ್ದರೆ ಯಾರು ಹೊಣೆ ಎಂದು ಕೇಳಿದ್ದಾನೆ.

ದೊಡ್ಡ ನಿಯಮದವನು ಬಂದ. ಅವನ ತಮ್ಮ ಬೀದಿಯಲ್ಲಿ ಬಿದ್ದಿದ್ದರೆ ಗೊತ್ತಾಗುತ್ತಿತ್ತು.

ಮಕ್ಕಳ ವಿಷಯ ನನಗೆ ಹೊಳೆದೇ ಇರಲಿಲ್ಲ. ಅದು ನಿಜ.

ಜೂನ್ 17, ಮಂಗಳವಾರ

ಈ ಸಲ ಸತ್ತ ಇಲಿ. ಆಟದವರಲ್ಲದೆ ಬೇರೆ ಯಾರೂ, ಮಕ್ಕಳೂ, ಕೈ ಹಾಕಬಾರದೆಂದು ಹಳೆಯ ಶೇವಿಂಗ್ ಬ್ರಷ್ಷಿನ ಕೂದಲು ಅಂಟಿಸಿ, ಬಾಲಕ್ಕೆ ಒಸಡಿನ ಬಣ್ಣ ಹಚ್ಚಿ, ನನಗೇ ಹೇಸಿಗೆಯಾಗುವಷ್ಟು ಚೆನ್ನಾಗಿ ಮಾಡಿದೆ. ಮೇಲ್ವಿಚಾರಕನಿಗೆ ಮಾತ್ರೆಯ ಸುಳಿವು ಕೊಡಲಿಲ್ಲ. ಮಾರುಕಟ್ಟೆಯ ಗೋಡೆ ಬುಡದಲ್ಲಿಟ್ಟು ಬೆನ್ನು ತಿರುಗಿಸಿದ್ದೆನಷ್ಟೆ, ಕಸ ಗುಡಿಸುವವನು ಇಕ್ಕಳದಲ್ಲಿ ಎತ್ತಿ ಗಾಡಿಗೆ ಎಸೆದ. ನಾನು ಗಾಡಿಯ ಹಿಂದೆ ಓಡಿದೆ, ಅದು ನನ್ನದು ಎಂದು ಕೂಗಿದೆ. ಅವನು ಗಾಡಿ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅಮ್ಮಾ, ಇಲಿ ಸತ್ತರೆ ಸಂತೋಷಪಡೋರನ್ನ ನೋಡಿದೀನಿ. ವಾಪಸ್ ಕೊಡಿ ಅಂದೋರು ನೀವೇ ಮೊದಲು."

ಕೊಟ್ಟ. ಪಕ್ಕದ ಅಂಗಡಿಯವರೆಲ್ಲ ನಕ್ಕರು. ನಾನೂ ನಗಬೇಕಿತ್ತೇನೋ. ಗಾಡಿಯ ಚಕ್ರದ ಪಕ್ಕ ಕೂತು ಇಲಿಯನ್ನು ಎದೆಗವಚಿಕೊಂಡು ಅತ್ತೆ. ಅವರ ನಗು ನಿಂತಿತು.

ಜೂನ್ 22, ಭಾನುವಾರ

ಮಧ್ಯಾಹ್ನ ಪೊಲೀಸರಿಂದ ಫೋನು. ಹೆಸರು ಗೊತ್ತಿಲ್ಲದ ಗಂಡಸೊಬ್ಬ ಫಿಟ್ಸ್ ಬಂದು ರಸ್ತೆಯಲ್ಲಿ ಬಿದ್ದಿದ್ದಾನೆ, ದೊಡ್ಡಾಸ್ಪತ್ರೆಗೆ ಬಂದು ಗುರುತು ಹಿಡಿಯಿರಿ ಎಂದರು. ಅಮ್ಮನಿಗೆ ಹೇಳದೆ ಹೋದೆ. ಮುಖಕ್ಕೆಲ್ಲ ಬ್ಯಾಂಡೇಜು, ಕಾಣುತ್ತಿದ್ದದ್ದು ಬಾಯಿ ಮಾತ್ರ. ತುಟಿ ಸರಿಸಿ ನೋಡಲು ಕೇಳಿಕೊಂಡೆ. ನರ್ಸು ವಿಚಿತ್ರವಾಗಿ ನೋಡಿ ಸರಿಸಿದಳು. ಎಲ್ಲವೂ ಹುಟ್ಟು ಹಲ್ಲುಗಳೇ, ತಮ್ಮನಿಗೆ ನಾನು ಮಾಡಿಕೊಟ್ಟ ಹಲ್ಲು ಅಲ್ಲಿರಲಿಲ್ಲ.

ಖುಷಿಯಾಯಿತು. ಯಾರದೋ ತಮ್ಮ ಅಲ್ಲಿ ಹಾಗೆ ಮಲಗಿರುವಾಗ ನನಗೆ ಕುಣಿಯುವಷ್ಟು ಖುಷಿಯಾಯಿತು. ಬಸ್ಸಿನಲ್ಲಿ ಬರುವಾಗ ನನ್ನ ಮೇಲೆ ನನಗೇ ಅಸಹ್ಯ ಬಂತು.

ಜೂನ್ 24, ಮಂಗಳವಾರ

ಹಲ್ಲು. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ.

ಅವನ ಮುರಿದ ಹಲ್ಲಿಗೆ ಬದಲಿ ಮಾಡುವಾಗ ತೆಗೆದ ಪ್ಲಾಸ್ಟರ್ ಅಚ್ಚು ಲ್ಯಾಬಿನ ಕಪಾಟಿನಲ್ಲೇ ಇದೆ. ಅದರಿಂದ ಅವನ ಮೇಲಿನ ಸಾಲನ್ನು ಹಾಗೆಯೇ ತೆಗೆದು ಒಂದು ದೊಡ್ಡ ಕಪ್ಪೆಯ ಬಾಯಿಗೆ ಕೂರಿಸುತ್ತಿದ್ದೇನೆ. ಚೀಟಿ ಬಾಯೊಳಗೆ, ಮಾತ್ರೆ ಹೊಟ್ಟೆಯೊಳಗೆ. ಯಾರು ಬೇಕಾದರೂ ಬಾಯಿ ತೆರೆದು ಹೆಸರು ಗೀಚಿ ಹೋಗಲಿ. ಹೊಟ್ಟೆ ಮಾತ್ರ ತೆರೆಯಬೇಕಾದರೆ ಆ ಸಾಲಿನಲ್ಲಿ ಒಂದು ಹಲ್ಲನ್ನು ಒಳಕ್ಕೆ ಒತ್ತಿ ತಿರುಗಿಸಬೇಕು. ಯಾವುದು ಕಟ್ಟಿಸಿದ ಹಲ್ಲು ಎಂದು ಗೊತ್ತಿರುವುದು ಅವನಿಗೆ ಮತ್ತು ನನಗೆ. ನನ್ನ ಕೆಲಸ ಅಷ್ಟು ನಾಜೂಕಿನದು, ಅಮ್ಮನಿಗೂ ತಿಳಿಯದು.

ಲ್ಯಾಬಿನ ಮಾಲೀಕರು ಬಂದು ಇದೇನು, ಕಪ್ಪೆಗಳೂ ಸೆಟ್ಟು ಕಟ್ಟಿಸಿಕೊಳ್ಳಲು ಶುರು ಮಾಡಿದವೇ ಎಂದರು. ಹೌದು ಸಾರ್, ಅರ್ಜೆಂಟ್ ಕೇಸು ಎಂದೆ.

ಜೂನ್ 28, ಶನಿವಾರ

ಗ್ರಂಥಾಲಯದ ಹಿಂದೆ ತೊಟ್ಟಿಕ್ಕುವ ನಲ್ಲಿಯೊಂದಿದೆ. ಅದರ ಕೆಳಗಿನ ಒದ್ದೆ ಕಲ್ಲುಗಳ ಸಂದಿಯಲ್ಲಿ ಕಪ್ಪೆ ಕೂತಿದೆ. ಮೊದಲು ಬಂದವಳು ಮತ್ತೆ ಸೈಕಲ್ ಅಜ್ಜಿಯೇ. "ಕಪ್ಪೆ ನನ್ನ ನೋಡಿ ಹಲ್ಲು ಕಿಸೀತು. ಎದೆ ಝಲ್ಲಂತು. ತುಂಬಾ ಚೆನ್ನಾಗಿದೆ" ಎಂದು ಬರೆದಿದ್ದಾಳೆ. ಹೊಟ್ಟೆಯ ವಿಷಯ ಅವಳಿಗೆ ತಿಳಿದಿಲ್ಲ.

ಗೂಬೆಮರಿಯ ಸುದ್ದಿಯಿಲ್ಲ.

ಜುಲೈ 1, ಮಂಗಳವಾರ

ಇಲ್ಲ.

ಜುಲೈ 3, ಗುರುವಾರ

ಇಲ್ಲ. ಅಮ್ಮ ಇಂದು ಅವನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಯಾಕೆ ಹಾಕಿದೆ ಎಂದು ರೇಗಿದೆ. ಮಲಗುವವನು ಬಂದರೆ ಮುಗ್ಗಲು ವಾಸನೆ ಹೊಡೆಯಬಾರದಲ್ಲ ಎಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಕೂತೆ.

ಜುಲೈ 6, ಭಾನುವಾರ

ಹೊಟ್ಟೆ ಖಾಲಿ! ಮಾತ್ರೆ ಇಲ್ಲ. ಬದಲಿಗೆ ಒಂದು ಅಂಗಿಯ ಗುಂಡಿ. ಅವನ ಬೂದು ಬಣ್ಣದ ಅಂಗಿಯದೇ.

ಚೀಟಿಯಲ್ಲಿ ಹೆಸರು ಬರೆದಿಲ್ಲ, ಒಂದು ಮಾತಿಲ್ಲ. ತೆಗೆದುಕೊಂಡದ್ದಕ್ಕೆ ಬದಲಿ ಇಡಬೇಕೆಂಬ ಆಟದ ನಿಯಮವನ್ನು ಮಾತ್ರ ಪಾಲಿಸಿದ್ದಾನೆ. ಗುಂಡಿಯನ್ನು ಅಮ್ಮನ ಅಂಗೈಗೆ ಹಾಕಿದೆ. ಬಹಳ ಹೊತ್ತು ನೋಡಿ, "ಕಿತ್ತುಹೋಗಿದೆ ಪಾಪ, ಹೊಲಿದುಕೊಡೋರಿಲ್ಲ" ಎಂದಳು. ನನಗೆ ಅನಿಸಿದ್ದು ಬೇರೆ. ಇವನು ನನಗೆ ಹತ್ತಿರವಿದ್ದಾನೆ. ಹಿಡಿಯಬಹುದು.

ಹೊಸದಾಗಿ ಒಂದು ವಾರದ ಮಾತ್ರೆ ತುಂಬಿಸಿದೆ.

ಜುಲೈ 11, ಶುಕ್ರವಾರ

ರಜೆ ಹಾಕಿ ಮೂರು ದಿನದಿಂದ ಗ್ರಂಥಾಲಯದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತಿದ್ದೇನೆ. ಬೇಕಿಲ್ಲದ ಕಾಗದಗಳನ್ನೆಲ್ಲ ಪ್ರತಿ ತೆಗೆಸಿ ತೆಗೆಸಿ ನನ್ನ ರೇಷನ್ ಕಾರ್ಡು ಅಂಗಡಿಯವನಿಗೆ ಬಾಯಿಪಾಠವಾಗಿದೆ. ಸಿಕ್ಕಿದ ಕೂಡಲೇ ರಟ್ಟೆ ಹಿಡಿದು ಆಟೋಗೆ ಹಾಕಿ ಮನೆಗೆ. ಆಮೇಲೆ ಏನಾದರೂ ಅನ್ನಲಿ.

ಬರಲಿಲ್ಲ.

ಜುಲೈ 13, ಭಾನುವಾರ

ಮಾತ್ರೆಗಳು ಇಟ್ಟದ್ದು ಇಟ್ಟ ಹಾಗೆಯೇ ಇವೆ. ನೋಡಿಬಿಟ್ಟಿದ್ದಾನೆ. ಅಂಗಡಿಯಲ್ಲಿ ಕೂತ ನನ್ನನ್ನು ಎಲ್ಲಿಂದಲೋ ನೋಡಿ ಹಾಗೆಯೇ ಹೊರಟುಹೋಗಿದ್ದಾನೆ. ನನ್ನಿಂದಾಗಿ ಈ ವಾರ ಅವನಿಗೆ ಮಾತ್ರೆ ಇಲ್ಲ. ಅವನು ಎಲ್ಲಾದರೂ ಬಿದ್ದಿದ್ದರೆ ಬೀಳಿಸಿದವಳು ನಾನೇ.

ಊಟ ಸೇರಲಿಲ್ಲ. ದೇವರೇ, ಎಲ್ಲಾದರೂ ಇರಲಿ, ನನ್ನ ಮೇಲೆ ಎಷ್ಟು ಸಿಟ್ಟಾದರೂ ಇರಲಿ, ಮಾತ್ರೆ ನುಂಗಲಿ.

ಜುಲೈ 15, ಮಂಗಳವಾರ

ಆ್ಯಪ್‌ನಲ್ಲಿ ಕಪ್ಪೆಯ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಬರೆದೆ: "ಈ ಕಪ್ಪೆಯನ್ನು ಯಾರೂ ಕಾಯುವುದಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ತೊಳೆಯಲು ಬರುತ್ತೇವೆ." ಸೈಕಲ್ ಅಜ್ಜಿ ಕೆಳಗೆ, ಕಪ್ಪೆಯನ್ನು ತೊಳೆಯುವುದು ಯಾಕಮ್ಮ ಎಂದು ಕೇಳಿದ್ದಾಳೆ.

ಅಂಗಡಿಗೆ ಮತ್ತೆ ಹೋಗಲಿಲ್ಲ. ಮಾಲೀಕರು ಇನ್ನು ರಜೆ ಕೊಡುವುದಿಲ್ಲ ಎಂದರಲ್ಲ, ಅದಕ್ಕೆ.

ಜುಲೈ 20, ಭಾನುವಾರ

ತೆಗೆದುಕೊಂಡಿದ್ದಾನೆ. ಒಂದು ಬಟ್ಟೆ ಕ್ಲಿಪ್ಪು ಇಟ್ಟಿದ್ದಾನೆ. ಎಲ್ಲೋ ಬಟ್ಟೆ ಒಗೆದು ಒಣಗಿಸುತ್ತಿದ್ದಾನೆ ಎಂದಾಯಿತು. ಮನೆಯಲ್ಲಿ ಕರ್ಚೀಫು ಒಗೆದವನಲ್ಲ.

ಜುಲೈ 27, ಭಾನುವಾರ

ಇಂದು ಸಿಕ್ಕಿದ್ದು ಗಿಡದ ಕುಂಡಕ್ಕೆ ಚುಚ್ಚುವ ಪ್ಲಾಸ್ಟಿಕ್ ಪಟ್ಟಿ. ಮೇಲೆ "ದಾಸವಾಳ, ಬಿಳಿ" ಎಂದು ಬರೆದಿದೆ. ಅಕ್ಷರ ಅವನದೇ. ನಡುಗಿಲ್ಲ, ನೆಟ್ಟಗಿದೆ. ನರ್ಸರಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ.

ಊರಲ್ಲಿರುವ ನರ್ಸರಿಗಳು ಬೆರಳೆಣಿಕೆಯಷ್ಟು. ಮಧ್ಯಾಹ್ನ ಹತ್ತಿರದ ಒಂದಕ್ಕೆ ಹೋದೆ. ಗೇಟಿನ ತನಕ ಹೋದೆ. ಒಳಗೆ ಯಾರೋ ಪೈಪು ಹಿಡಿದು ನೀರು ಬಿಡುತ್ತಿದ್ದರು, ಬೆನ್ನು ಈ ಕಡೆಗಿತ್ತು. ಅಷ್ಟರಲ್ಲಿ ನಮ್ಮ ಬಸ್ಸು ಬಂತು. ಅದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕು, ಹತ್ತಿಬಿಟ್ಟೆ. ಅಮ್ಮ ಕೇಳಿದ್ದಕ್ಕೆ ಅಲ್ಲಿ ಇರಲಿಲ್ಲ ಎಂದೆ.

ಆಗಸ್ಟ್ 10, ಭಾನುವಾರ

ಕಪ್ಪೆಯ ಹೊಟ್ಟೆ ತೆರೆದೆ. ಹೋದ ವಾರದ ಮಾತ್ರೆ ಹಾಗೆಯೇ ಇದೆ. ನಾನು ಕಾಯಲಿಲ್ಲ, ಹುಡುಕಲಿಲ್ಲ, ಮತ್ತೇನು ತಪ್ಪು ಮಾಡಿದೆ? ನಲ್ಲಿಯ ಕೆಳಗೆ ಒದ್ದೆ ನೆಲದಲ್ಲೇ ಕೂತುಬಿಟ್ಟೆ. ಆಸ್ಪತ್ರೆ, ಪೊಲೀಸು, ರೈಲು ಹಳಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಮಾತ್ರೆಗಳನ್ನು ಹೊರಗೆ ತೆಗೆದಾಗ ಅಡಿಯಲ್ಲಿ ಇನ್ನೊಂದು ಹಾಳೆ ಸಿಕ್ಕಿತು.

ಅದೇ ಮಾತ್ರೆಯ ಹಾಳೆ. ನಾನಿಟ್ಟದ್ದಲ್ಲ. ಮೇಲೆ ನನಗೆ ಗೊತ್ತಿಲ್ಲದ ಔಷಧಿ ಅಂಗಡಿಯ ಚೀಟಿ ಅಂಟಿದೆ. ಒಂದೊಂದು ಗುಳಿಯೂ ಒಡೆದು ಖಾಲಿಯಾಗಿದೆ. ಹಿಂದೆ ಬೆಳ್ಳಿಯ ಕಾಗದದ ಮೇಲೆ ಬಾಲ್‌ಪೆನ್ನಿನಲ್ಲಿ ದಿನಗಳನ್ನು ಬರೆದುಕೊಂಡಿದ್ದಾನೆ, ಸೋಮ ಬೆಳಿಗ್ಗೆ, ಸೋಮ ಸಂಜೆ ಎಂದು. ಯಾರೂ ಹೇಳದೆ, ಯಾರೂ ಕೈಗೆ ಕೊಡದೆ.

ತಾನೇ ಕೊಂಡು ತಾನೇ ನುಂಗುತ್ತಿದ್ದಾನೆ. ಇದಕ್ಕಿಂತ ಹೆಚ್ಚು ನಾನು ಏನು ಬೇಡಿದ್ದೆ? ಏನೂ ಇಲ್ಲ. ಆದರೂ ಮನೆಗೆ ಬರುವ ದಾರಿಯುದ್ದಕ್ಕೂ ಯಾರೋ ನನ್ನ ಕೆಲಸ ಕಿತ್ತುಕೊಂಡ ಹಾಗೆ ಅತ್ತೆ. ಬಸ್ಸಿನಲ್ಲಿ ಪಕ್ಕದವಳು ಯಾರು ತೀರಿಕೊಂಡರು ಎಂದು ಕೇಳಿದಳು. ಯಾರೂ ಇಲ್ಲ, ಎಲ್ಲರೂ ಇದ್ದಾರೆ ಎಂದೆ.

ಆಗಸ್ಟ್ 11, ಸೋಮವಾರ

ಒಂದು ತಪ್ಪಾಗಿದೆ. ಅವನ ಖಾಲಿ ಹಾಳೆಯನ್ನು ನಾನು ತಂದುಬಿಟ್ಟೆ, ಬದಲಿಗೆ ಏನೂ ಇಡಲಿಲ್ಲ.

ಏನಿಡುವುದು? ಅಮ್ಮ ಸ್ವೆಟರ್ ಇಡು ಎನ್ನುತ್ತಾಳೆ, ಕಪ್ಪೆಯ ಹೊಟ್ಟೆಯಲ್ಲಿ. ಮನೆಗೆ ಬಾ ಎಂದು ಚೀಟಿ ಬರೆದೆ, ಹರಿದೆ. ಕ್ಷಮಿಸು ಎಂದು ಬರೆದೆ, ಯಾವುದಕ್ಕೆ ಎಂದು ನನಗೇ ಸಿಟ್ಟು ಬಂದು ಅದನ್ನೂ ಹರಿದೆ. ಅವನಿಗೆ ಬೇಕಾದದ್ದು ಏನೆಂದು ಯೋಚಿಸಿದರೆ ಒಂದೇ ಒಂದು ಹೊಳೆಯಿತು. ಅವನಿಗೆ ಹುಡುಕಲು ಹೊಸದೊಂದು ಪ್ರಾಣಿ ಬೇಕು.

ಆಗಸ್ಟ್ 24, ಭಾನುವಾರ

ಕೊಕ್ಕರೆ ಮುಗಿಯಿತು. ಅಮ್ಮನೂ ಕೂತು ರೆಕ್ಕೆಗೆ ಬಣ್ಣ ಹಚ್ಚಿದಳು, ಒಂದೆಡೆ ಹಚ್ಚದೆ ಬಿಟ್ಟಿದ್ದಾಳೆ, ನಾನು ಹೇಳಲಿಲ್ಲ. ಕಾಲಿಗೆ ದಪ್ಪ ತಂತಿ. ಹಳೆಯ ಇಟ್ಟಿಗೆ ಗೂಡಿನ ಹಿಂದಿನ ಹೊಂಡದಲ್ಲಿ, ಜೊಂಡಿನ ನಡುವೆ ನಿಲ್ಲಿಸಿ ಬಂದೆವು. ಮಂಡಿಯುದ್ದ ಕೆಸರು. ಅಮ್ಮ ದಡದಲ್ಲಿ ನಿಂತು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಂದು ನನ್ನ ಪ್ರಾಣ ತಿಂದಳು.

ಹೊಟ್ಟೆಯಲ್ಲಿ ಹೆಸರು ಬರೆಯುವ ಚೀಟಿ ಬಿಟ್ಟು ಏನೂ ಇಟ್ಟಿಲ್ಲ.

ಆಗಸ್ಟ್ 27, ಬುಧವಾರ

ಮೇಲ್ವಿಚಾರಕ ಒಪ್ಪಿಗೆ ಕೊಟ್ಟ. ಈ ಸಲ ಒಳಗೆ ಏನಿದೆಯಮ್ಮ ಎಂದು ಮೊದಲೇ ಕೇಳಿದ. ಏನೂ ಇಲ್ಲ, ನಂಬಿ ಎಂದು ಬರೆದೆ. ನಂಬಿದ.

ಆಗಸ್ಟ್ 29, ಶುಕ್ರವಾರ

ಸಂಜೆ ಲ್ಯಾಬಿನಲ್ಲಿ ಯಾರದೋ ದವಡೆಗೆ ಮೇಣ ಹಚ್ಚುತ್ತಿದ್ದಾಗ ಫೋನು ಟಣ್ ಎಂದಿತು. ಕೊಕ್ಕರೆ ಸಿಕ್ಕಿದೆ. ಮೊದಲು ಹುಡುಕಿದವರು: ಗೂಬೆಮರಿ. ಕೆಳಗೆ ಎಲ್ಲರೂ ಓದುವಂತೆ ಹೀಗೆ ಬರೆದಿದ್ದಾನೆ:

"ಸಿಕ್ಕಿತು. ಕೊಕ್ಕರೆ ಮಂಡಿ ಮನುಷ್ಯರ ಥರ ಮುಂದಕ್ಕೆ ಬಗ್ಗಿಸಿದೀಯಲ್ಲ ಅಕ್ಕ. ಅದು ಹಿಂದಕ್ಕೆ ಬಗ್ಗಬೇಕು. ಬಂದು ಸರಿಮಾಡು. ಭಾನುವಾರ ನಂಗೆ ರಜ."

ಮೇಣ ಆರಿಹೋಯಿತು. ಮತ್ತೆ ಕಾಯಿಸಬೇಕಾಯಿತು.

ಮಂಡಿ ಉಲ್ಟಾ ಎನ್ನುವುದು ಶುದ್ಧ ಸುಳ್ಳು, ನಾನು ಚಿತ್ರ ನೋಡಿಯೇ ಮಾಡಿದ್ದು. ಮನೆಗೆ ಬಂದು ಚಿತ್ರ ತೆಗೆದು ನೋಡಿದೆ. ಅವನು ಹೇಳಿದ್ದೇ ಸರಿ. ಅಮ್ಮನಿಗೆ ಓದಿ ಹೇಳಿದೆ. "ಅಕ್ಕ" ಎಂದಿದ್ದಾನೆಯೇ ಎಂದು ಕೇಳಿದಳು, ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಹೇಳಿದಳು. ತೋರಿಸಿದೆ. ಆಮೇಲೆ ಭಾನುವಾರಕ್ಕೆ ಇಕ್ಕಳ, ತಂತಿ, ಅಂಟು ಎಲ್ಲ ಚೀಲಕ್ಕೆ ಹಾಕುತ್ತಿದ್ದಾಗ ಅಡಿಗೆಮನೆಯಿಂದಲೇ ಅಂದಳು:

"ಹೋದ ತಕ್ಷಣ ಮಾತ್ರೆ ವಿಷಯ ಎತ್ತಬೇಡ."

"ನಾನ್ಯಾವತ್ತು ಎತ್ತಿದೀನಿ?" ಎಂದೆ.

ಅಮ್ಮ ನಗಲು ಶುರು ಮಾಡಿದಳು. ಗೋಡೆ ಹಿಡಿದುಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಗುವುದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಏನು ತಮಾಷೆ ಎಂದು ನನಗೆ ಅರ್ಥವಾಗಲಿಲ್ಲ, ಆದರೆ ನನಗೂ ನಗು ತಡೆಯಲಾಗಲಿಲ್ಲ.